ಬ್ರದರ್ ಫೆಲಿಕ್ಸ್‌ಗೆ ಮೀಸಲಿಟ್ಟ ಮಣಿ

ಬ್ರದರ್ ಫೆಲಿಕ್ಸ್ ಅಂತ ಯಾರೂ ಇಲ್ಲ, ರೀಟಾ. ಆ ಹೆಸರಿನಲ್ಲಿ ಎರಡು ವರ್ಷ ನಿಮಗೆ ಬರೆದವನು, ನಿಮ್ಮ ಮನೆಯ ಕಷ್ಟಸುಖ ಕೇಳಿಸಿಕೊಂಡವನು, ಮನೆಬಾಗಿಲಿಗೆ ಬಂದ ಸಂಬಂಧವನ್ನು ಬಿಡಿ ಎಂದು ನಿಮಗೆ ಬುದ್ಧಿ ಹೇಳಿದವನು — ನಾನು. ಇಳಕಲ್ಲಿನ ಬಸು. ಬಾಗಲಕೋಟೆಯಲ್ಲಿ ಮಾತೆ ಮರಿಯಳ ಹಬ್ಬದ ದಿನ ಪಂಕ್ತಿಯಲ್ಲಿ ಸಾರು ಬಡಿಸುತ್ತ, ನಿಮ್ಮ ಸಾಲು ಬಂದ ಕೂಡಲೇ ಕೈ ನಿಧಾನ ಮಾಡುತ್ತಿದ್ದ ಬಸು.

ಇದನ್ನು ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ನನ್ನ ಬುದ್ಧಿ ನನಗೆ ಗೊತ್ತು — ನನ್ನ ವಯಸ್ಸು, ನನ್ನ ಬಡತನ, ಹಿಂದಿನದು ಮುಂದಿನದು ಎಲ್ಲವನ್ನೂ ಸಾಕ್ಷಿಗೆ ಕರೆದು ನಿಲ್ಲಿಸಿ, ಕೊನೆಗೆ ನೀವೇ 'ಹೋಗ್ಲಿ ಬಿಡ್ರಿ ಪಾಪ' ಅನ್ನುವ ಹಾಗೆ ಮಾಡಿಬಿಡುತ್ತೇನೆ. ಬರೆಯುವುದರಲ್ಲಿ ನಾನು ಜಾಣ. ಅದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಫೆಲಿಕ್ಸ್ ಎಂಬ ಹೆಸರು ಮಾತ್ರ ಸುಳ್ಳಲ್ಲ. ನಮ್ಮ ಕಡೆಯ ಕಥೋಲಿಕರಿಗೆ ಎರಡು ಹೆಸರಿರುವುದು ನಿಮಗೆ ತಿಳಿದದ್ದೇ — ಓಣಿಗೊಂದು, ಚರ್ಚಿಗೊಂದು. ನಿಮ್ಮನ್ನೂ ಬಾದಾಮಿಯ ದವಾಖಾನೆಯಲ್ಲಿ ಯಾರೂ ರೀಟಾ ಅನ್ನುವುದಿಲ್ಲ. ಬನಶಂಕರಿಯಿಂದ ಮಕ್ಕಳನ್ನು ಎತ್ತಿಕೊಂಡು ಬರುವ ಹೆಂಗಸರಿಗೆಲ್ಲ ನೀವು ಶೋಭಾ ಸಿಸ್ಟರ್. ನನಗೆ ಜ್ಞಾನಸ್ನಾನ ಕೊಟ್ಟ ಮುದಿ ಫಾದರ್, ಆ ದಿನ ಯಾವ ಸಂತರ ಸ್ಮರಣೆ ಇತ್ತೋ ನೋಡಿ ಅದೇ ಹೆಸರು ಇಟ್ಟರಂತೆ. ನಮ್ಮ ಅಜ್ಜಿಯ ಬಾಯಲ್ಲಿ ಅದು ಹೊರಳಲಿಲ್ಲ. ಒಂದು ದಿನ 'ಪೆಲಿಸ್ಯಾ, ಪೆಲಿಸ್ಯಾ' ಅಂತ ಕರೆದು ನೋಡಿದಳಂತೆ, 'ಇದ್ಯಾತರ ಹೆಸರವಾ, ಕೂಸು ಅಳತೈತಿ' ಎಂದು ಮರುದಿನದಿಂದ ಬಸು ಮಾಡಿದಳು. ಸಾಲೆಯಲ್ಲಿ ಬಸವರಾಜನಾದೆ. ಫೆಲಿಕ್ಸ್ ಚರ್ಚಿನ ದಪ್ಪ ಪುಸ್ತಕದೊಳಗೇ ಉಳಿದ.

ಅವನನ್ನು ಅಲ್ಲಿಂದ ಹೊರಗೆ ಕರೆದದ್ದು, ಫಾದರ್ ಆಗಲು ಓದುವವರನ್ನು ಬ್ರದರ್ ಎನ್ನುವ ಗುರುಮಠದಲ್ಲಿ. ನಿಮಗೆ ಈ ವಿಷಯ ಗೊತ್ತಿರಲಾರದು — ಇಳಕಲ್ಲಿನ ಒಂದು ಮನೆಯ ಸುದ್ದಿ ಬಾದಾಮಿಗೆ ತಲುಪುವಷ್ಟು ದೊಡ್ಡದಲ್ಲ. ಹತ್ತನೆಯ ಇಯತ್ತೆ ಮುಗಿದ ಮೇಲೆ ನಾನು ಫಾದರ್ ಆಗುತ್ತೇನೆ ಎಂದು ಹೊರಟೆ. ಅವ್ವ ಮಗ್ಗ ಬಿಟ್ಟು ಎದ್ದು ಬಸ್‌ಸ್ಟ್ಯಾಂಡಿಗೆ ಬಂದಳು. ಅಪ್ಪ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಿಂದ ಹಾಗೇ ಬಂದಿದ್ದ, ಮೀಸೆಯ ಮೇಲೆಲ್ಲ ಕೆಂಪು ಕಲ್ಲಿನ ಕೆಸರು. ಇಬ್ಬರೂ ಅಳಲಿಲ್ಲ, ಹೆಮ್ಮೆಯಿಂದ ಅಕ್ಕಪಕ್ಕದವರನ್ನು ನೋಡುತ್ತಿದ್ದರು. ನಾನು ಅಲ್ಲಿ ಇದ್ದದ್ದು ಒಂದು ಮಳೆಗಾಲ, ಅಷ್ಟೆ. ಅಲ್ಲಿ ರೊಟ್ಟಿ ಇರಲಿಲ್ಲ, ಮಗ್ಗದ ಸಪ್ಪಳ ಇರಲಿಲ್ಲ, ಆ ಸಪ್ಪಳವಿಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ದೀಪಾವಳಿ ರಜೆಗೆ ಮನೆಗೆ ಬಂದವನು ತಿರುಗಿ ಹೋಗಲಿಲ್ಲ. ಯಾರೂ ಬೈಯಲಿಲ್ಲ. ಅಪ್ಪ 'ಉಣ್ಣು' ಅಂದ, ಅಷ್ಟೇ. ಓಣಿಯ ಗೆಳೆಯರು ಮಾತ್ರ ಬಿಡಲಿಲ್ಲ.

'ಏ ಅರ್ಧಾ ಫಾದರ್, ಬಾ ಲೇ, ಅರ್ಧಾ ಆಶೀರ್ವಾದ ಮಾಡಿ ಹೋಗು!'

ನಾನೂ ಅವರ ಜೊತೆ ನಕ್ಕೆ. ನಗದೆ ಏನು ಮಾಡಲಿ? ಆದರೆ ಆ ಹೆಸರು ಅಂಗಿಗೆ ಹತ್ತಿದ ಉತ್ರಾಣಿಯ ಮುಳ್ಳಿನ ಹಾಗೆ ಎಲ್ಲಿ ಹೋದರೂ ಬಂತು. ಮುಂದೆ ಬಾಗಲಕೋಟೆಯ ವಿದ್ಯಾಗಿರಿಗೆ ಬಿ.ಎ. ಓದಲು ಹೋದೆನಲ್ಲ, ಅಲ್ಲಿಗೂ ಇಳಕಲ್ಲಿನ ಒಬ್ಬ ಹುಡುಗ ಬಂದಿದ್ದ. ವಾರದೊಳಗೆ ಹಾಸ್ಟೆಲಿನವರಿಗೆಲ್ಲ ನಾನು ಅರ್ಧಾ ಫಾದರ್.

ವಿದ್ಯಾಗಿರಿಯಲ್ಲಿ ಆಗ ತಾನೇ ಇಂಟರ್ನೆಟ್ ಅಂಗಡಿಗಳು ಬಂದಿದ್ದವು. ಹಲಗೆಯ ಗೂಡುಗಳು, ಒಂದೊಂದರಲ್ಲಿ ಒಂದೊಂದು ಕಂಪ್ಯೂಟರ್, ಕರೆಂಟು ಇದ್ದಾಗ ಗಾಳಿ. ಕೆಲಸ ಹುಡುಕಲು ಕಲಿಯಬೇಕೆಂದು ಹೋದವನು ಒಂದು ಸಂಜೆ ಕನ್ನಡ ಕಥೋಲಿಕ ಯುವಕ ಯುವತಿಯರ ಆ ಇಂಟರ್ನೆಟ್ ಬಳಗದೊಳಗೆ ಕಾಲಿಟ್ಟೆ. ನಿಮಗೆ ನೆನಪಿರಬೇಕು, ಮೊದಲ ಪುಟದಲ್ಲಿಯೇ ಇತ್ತು — ಹೊಸಬರು ಪರಿಚಯ ಹೇಳಿಕೊಳ್ಳಿ: ಹೆಸರು, ಊರು, ನಿಮ್ಮ ಚರ್ಚಿನ ವಿಷಯ, ಏನು ಮಾಡುತ್ತೀರಿ, ನಾವು ನಿಮಗಾಗಿ ಏನು ಪ್ರಾರ್ಥಿಸಬೇಕು. ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದೆವು. ಒಬ್ಬ ತನ್ನ ಮುತ್ತಜ್ಜ ಕಟ್ಟಿಸಿದ ಗಂಟೆಗೋಪುರದ ಬಗ್ಗೆ ಬರೆದಿದ್ದ. ಒಬ್ಬಳು ತಮ್ಮ ಗಾಯನ ಮೇಳ ನಾಲ್ಕು ಸ್ವರಗಳಲ್ಲಿ ಹಾಡುತ್ತದೆಂದು ಬರೆದಿದ್ದಳು.

ನಾನು ನಿಜವನ್ನೇ ಬರೆಯಲು ಕುಳಿತೆ. ಇದನ್ನಾದರೂ ನಂಬಿ. ನಮ್ಮ ತಾಲೂಕು ಹಿಡಿದು ಹುನಗುಂದ ಕಡೆಯವನು ಎಂದು ಬರೆದೆ. ನಮ್ಮ ಊರಿನಲ್ಲಿ ಚರ್ಚಿಲ್ಲ, ತಿಂಗಳಿಗೊಮ್ಮೆ ಫಾದರ್ ಬಂದು ನಮ್ಮ ಮನೆಯ ಪಡಸಾಲೆಯಲ್ಲಿಯೇ ಪೂಜೆ ಮಾಡುತ್ತಾರೆ, ಒಂದು ಕಡೆ ಮಗ್ಗ, ಒಂದು ಕಡೆ ಬಲಿಪೀಠ ಎಂದು ಬರೆದೆ. ಪೀಠಕ್ಕೆ ಹಾಸುವ ಬಿಳಿ ಬಟ್ಟೆಯನ್ನು ಅವ್ವನೇ ನೇಯ್ದಿದ್ದಾಳೆ, ಅದಕ್ಕೆ ಇಳಕಲ್ ಸೀರೆಯ ಕೆಂಪು ದಡಿ ಹಾಕಿದ್ದಾಳೆ, ಮೊದಲ ಸಲ ನೋಡಿದ ಫಾದರ್ 'ಏನವ್ವಾ, ದೇವರಿಗೆ ಸೀರೆ ಉಡಿಸಿದೆಯಲ್ಲ' ಎಂದು ನಕ್ಕಿದ್ದರು — ಎಲ್ಲವನ್ನೂ ಬರೆದೆ. ಆಮೇಲೆ 'ಏನು ಮಾಡುತ್ತೀರಿ' ಎಂಬಲ್ಲಿಗೆ ಬಂದೆ. ಬಿ.ಎ. ಮೊದಲನೆಯ ವರ್ಷ ಎಂದು ಬರೆದೆ. ಅಳಿಸಿದೆ. 'ಗುರುಮಠದಲ್ಲಿದ್ದೇನೆ, ದೇವರು ಮನಸ್ಸು ಮಾಡಿದರೆ ಮುಂದೆ ಗುರುವಾಗುತ್ತೇನೆ' ಎಂದು ಬರೆದೆ. ಹೆಸರು — ಬ್ರದರ್ ಫೆಲಿಕ್ಸ್.

ಯಾಕೆ ಬರೆದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಜಂಬಕ್ಕೆ ಅಲ್ಲ... ಅಥವಾ ಜಂಬಕ್ಕೂ ಇರಬಹುದು. ಎಲ್ಲಾದರೂ ಒಂದು ಕಡೆ, ಒಂದೇ ಒಂದು ಕಡೆ, ನಾನು ತಿರುಗಿ ಬಾರದವನಾಗಿ ಇರಬೇಕು ಅನ್ನಿಸಿತು.

ಎಷ್ಟು ಜನ ಸ್ವಾಗತಿಸಿದರು! 'ಬ್ರದರ್, ನಮಗಾಗಿ ಜಪ ಮಾಡಿ', 'ಬ್ರದರ್, ನಮ್ಮ ಪರೀಕ್ಷೆ ಇದೆ'. ಅವರ ನಡುವೆ ನಿಮ್ಮ ನಾಲ್ಕು ಸಾಲು. 'ನಾನು ರೀಟಾ, ಬಾದಾಮಿಯಲ್ಲಿ ನರ್ಸ್. ನಮ್ಮ ಜಿಲ್ಲೆಯವರೊಬ್ಬರು ಗುರುಗಳಾಗುತ್ತಾರೆಂದು ಓದಿ ಕಣ್ಣಲ್ಲಿ ನೀರು ಬಂತು. ನಿಮ್ಮ ಮೊದಲ ಪೂಜೆಗೆ ನಿಮ್ಮ ಅವ್ವ ನೇಯ್ದ ಬಟ್ಟೆಯನ್ನೇ ಹಾಸಬೇಕು.'

ನೀವು ಯಾರೆಂದು ಓದಿದ ಕೂಡಲೇ ಗೊತ್ತಾಯಿತು. ಪ್ರತಿವರ್ಷ ಹಬ್ಬದಲ್ಲಿ, ಹಾಡುವವರ ಸಾಲಿನ ಕೊನೆಯಲ್ಲಿ ನಿಂತು, ಪುಸ್ತಕ ನೋಡದೆ ಕಣ್ಣು ಮುಚ್ಚಿ ಹಾಡುವ ಹುಡುಗಿ. ನಾನು ಮೂರು ಹಬ್ಬಗಳಿಂದ ಮಾತಾಡಿಸಬೇಕೆಂದು ಹೋಗಿ 'ಇನ್ನಷ್ಟು ಸಾರು ಹಾಕ್ಲೇನ್ರಿ' ಎಂದು ಮಾತ್ರ ಕೇಳಿ ಬಂದಿದ್ದ ಹುಡುಗಿ. ಅದೇ ನೀವು ಈಗ ತಾವಾಗಿ ನನ್ನನ್ನು ಮಾತಾಡಿಸಿದ್ದಿರಿ — ನನ್ನನ್ನಲ್ಲ, ಬ್ರದರ್ ಫೆಲಿಕ್ಸ್‌ನನ್ನು. ಆವತ್ತೇ 'ತಪ್ಪು ಬರೆದಿದ್ದೇನೆ, ನಾನು ಬಸು' ಅಂದಿದ್ದರೆ ನೀವು ನಕ್ಕು ಸುಮ್ಮನಾಗುತ್ತಿದ್ದಿರೋ ಏನೋ. ನಾನು ಅನ್ನಲಿಲ್ಲ. ಬಸುವಿಗೆ ಸಿಗದ ಮಾತು ಅವನಿಗೆ ಸಿಗುತ್ತಿತ್ತಲ್ಲ.

ಆಮೇಲೆ ನಾವಿಬ್ಬರೇ ಬೇರೆಯಾಗಿ ಬರೆಯತೊಡಗಿದೆವು. ಡ್ಯೂಟಿ ಮುಗಿಸಿ ನೀವು ಭಾನುವಾರ ಬರೆಯುತ್ತಿದ್ದಿರಿ. ನಾನು ಸೋಮವಾರ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ. ನಿಮ್ಮ ಅಪ್ಪ ಪ್ರವಾಸಿಗರ ಟೆಂಪೋ ಓಡಿಸುತ್ತಿದ್ದವರು ಲಕ್ವಾ ಹೊಡೆದು ಹಾಸಿಗೆ ಹಿಡಿದದ್ದು, ನೀವು ಕೆಲಸಕ್ಕೆ ಹೋಗುವಾಗ ಪಕ್ಕದ ಮನೆಯವರ ಕೈಯಲ್ಲಿ ಕೀಲಿ ಕೊಟ್ಟು ಹೋಗುವುದು, ಒಮ್ಮೊಮ್ಮೆ ದೇವರ ಮೇಲೆ ಸಿಟ್ಟು ಬರುವುದು — ಯಾರಿಗೂ ಹೇಳದ ಮಾತುಗಳನ್ನು ನೀವು ನನಗೆ ಹೇಳಿದಿರಿ. ಗುರುವಾಗುವವನೆಂದು ನಂಬಿ ಹೇಳಿದಿರಿ. ನಾನು ಚಂದ ಚಂದ ಮಾತು ಬರೆದೆ, ಗುರುಮಠದಲ್ಲಿ ಕೇಳಿದ್ದು ಒಂದಿಷ್ಟು, ನನ್ನದೇ ಒಂದಿಷ್ಟು. ನಿಮಗೆ ಅದರಿಂದ ಸಮಾಧಾನ ಆಗುತ್ತಿತ್ತೆಂದು ನೀವೇ ಹೇಳುತ್ತಿದ್ದಿರಿ. ಅದನ್ನು ಓದಿ ಓದಿ ನನಗೂ ನಾನು ಮಾಡುತ್ತಿರುವುದು ಪುಣ್ಯವೇ ಅನ್ನಿಸತೊಡಗಿತ್ತು.

ಪ್ರೀತಿಸಿದೆ ರೀಟಾ. ಇದನ್ನು ಸುತ್ತಿ ಬಳಸಿ ಹೇಳುವುದಿಲ್ಲ. ನೀವು ಪ್ರತಿ ಸಲ ಕೊನೆಗೆ 'ನಿಮ್ಮ ತಂಗಿ' ಎಂದು ಬರೆಯುತ್ತಿದ್ದಿರಿ, ನಾನು ಆ ಎರಡು ಪದ ಬಿಟ್ಟು ಮೇಲಿನದನ್ನೇ ಮತ್ತೆ ಮತ್ತೆ ಓದುತ್ತಿದ್ದೆ.

ಎರಡನೆಯ ವರ್ಷ ಗದಗ ಕಡೆಯಿಂದ ಆ ಸಂಬಂಧ ಬಂತು. ಸಾಲಿ ಮಾಸ್ತರರು. ನೀವು ಬರೆದದ್ದು ನನಗೆ ಬಾಯಿಪಾಠ ಇದೆ. 'ಒಳ್ಳೆಯವರ ಹಾಗೆ ಕಾಣಿಸುತ್ತಾರೆ ಬ್ರದರ್. ಅಪ್ಪನ ಪಕ್ಕದಲ್ಲಿ ಕುಳಿತು ತಾವೇ ಚಹಾ ಕುಡಿಸಿದರು. ಅಪ್ಪನನ್ನೂ ಕರೆದುಕೊಂಡೇ ಬನ್ನಿ ಅಂದರು. ನನಗೆ ಬೇಡ ಅನ್ನಲು ಕಾರಣವೇ ಇಲ್ಲ, ಆದರೂ ಭಯ. ನೀವು ಪ್ರಾರ್ಥಿಸಿ ಹೇಳಿ. ನಿಮ್ಮ ಬಾಯಿಂದ ಬಂದದ್ದು ದೇವರ ಮಾತು ಅಂದುಕೊಳ್ಳುತ್ತೇನೆ.'

ನಮ್ಮಂಥವರಿಗೆ ಸಂಬಂಧ ಸಿಗುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲವೇ? ಇಡೀ ಜಿಲ್ಲೆಯಲ್ಲಿ ನಮ್ಮ ಮನೆಗಳು ಬೆರಳೆಣಿಕೆ. ಹಾಸಿಗೆ ಹಿಡಿದ ಮಾವನನ್ನೂ ಮನೆಗೆ ಕರೆಯುವ ವರ ಯಾರಿಗೆ ಎರಡು ಸಲ ಸಿಗುತ್ತಾನೆ? ಎಲ್ಲ ಗೊತ್ತಿತ್ತು. ನಾನು ಪ್ರಾರ್ಥಿಸಲಿಲ್ಲ. ಮೂರು ದಿನ ಹೊಟ್ಟೆಕಿಚ್ಚಿನಿಂದ ವಿದ್ಯಾಗಿರಿಯ ರಸ್ತೆಗಳನ್ನು ಸುಮ್ಮನೆ ಸುತ್ತಿದೆ. ನಾಲ್ಕನೆಯ ದಿನ ಹೋಗಿ ಬರೆದೆ: 'ನಿಮಗಾಗಿ ಮೂರು ದಿನ ಪ್ರಾರ್ಥಿಸಿದೆ. ಮನಸ್ಸಿಗೆ ಸಮಾಧಾನ ಬರಲಿಲ್ಲ. ಸಮಾಧಾನ ಇಲ್ಲದಲ್ಲಿ ದೇವರ ಚಿತ್ತ ಇರುವುದಿಲ್ಲ. ಈ ಸಂಬಂಧ ಬಿಡಿ. ಕಾಯಿರಿ.'

ನೀವು ಎರಡೇ ಪದ ಬರೆದಿರಿ — 'ಆಯ್ತು ಬ್ರದರ್.'

ಯಾಕೆ ಎಂದು ಒಂದು ಮಾತು ಕೇಳಿದ್ದರೆ! ಬೈದಿದ್ದರೆ! ನೀವು ಕೇಳಲಿಲ್ಲ. ಮಾಸ್ತರರಿಗೆ ಬೇಡ ಎಂದು ಹೇಳಿಕಳಿಸಿದಿರಿ. ಈಸ್ಟರಿಗೆ ಮುಂಚಿನ ಉಪವಾಸ ಕಾಲ ಬರುವ ಮೊದಲೇ ಅವರ ಮದುವೆ ಬೇರೆ ಕಡೆ ಆಯಿತೆಂದು ನೀವೇ ಬರೆದಿರಿ, ಅವರಿಗೆ ಒಳ್ಳೆಯದಾಗಲಿ ಎಂದೂ ಬರೆದಿರಿ.

ಆ ವರ್ಷದ ಹಬ್ಬ. ಊಟ ಮುಗಿದಿತ್ತು, ನಾನು ಸಾರಿನ ಬೋಗುಣಿ ತೊಳೆಯುತ್ತಿದ್ದೆ. ಈ ಸಲ ಹೇಳಿಬಿಡುತ್ತೇನೆ, ಎಲ್ಲವನ್ನೂ ಹೇಳಿ ಕೈ ಮುಗಿಯುತ್ತೇನೆ ಎಂದು, ರಜೆಗೆ ಊರಿಗೆ ಹೋಗಿದ್ದವನು ಅವ್ವನ ಜೊತೆ ಇಳಕಲ್ಲಿನಿಂದ ಬರುವಾಗ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನೀವು ಕೈ ತೊಳೆಯಲು ನಲ್ಲಿಯ ಹತ್ತಿರ ಬಂದಿರಿ. ನೀವಾಗಿಯೇ ಕೇಳಿದಿರಿ.

'ನೀವು ಇಳಕಲ್‌ನವ್ರಲ್ರಿ? ನಿಮ್ಮ ಕಡೀಯವ್ರು ಒಬ್ರು ಫಾದರ್ ಆಗಾಕ ಓದಾಕತ್ತಾರ. ಫೆಲಿಕ್ಸ್ ಬ್ರದರ್ ಅಂತ. ಅವರವ್ವ ಪೀಠದ ಬಟ್ಟಿ ನೇದಾರಂತ, ಕೆಂಪು ದಡಿದು. ನಿಮಗ ಗೊತ್ತದಾರೇನ್ರಿ?'

ಆ ಬಟ್ಟೆ ನೇಯ್ದವಳು ನಿಮ್ಮಿಂದ ಹತ್ತು ಮಾರು ದೂರದಲ್ಲಿ ಚಾಪೆ ಸುತ್ತುತ್ತಿದ್ದಳು. ಅವಳ ಕಡೆ ಒಮ್ಮೆ ನೋಡಿದೆ. ನಿಮ್ಮ ಮುಖ ನೋಡಿದೆ — ಆ ಹೆಸರು ಹೇಳುವಾಗ ಎಷ್ಟು ನಂಬಿಕೆ ಇತ್ತು ಅದರಲ್ಲಿ. ಬಸ್ಸಿನಲ್ಲಿ ಜೋಡಿಸಿದ ಮಾತೆಲ್ಲ ಎತ್ತ ಹೋಯಿತೋ.

'ಇಲ್ರಿ' ಅಂದೆ. 'ಆ ಹೆಸರಿನವ್ರು ನಮ್ಮ ಕಡಿ ಯಾರೂ ಇಲ್ರಿ.'

ನೀವು 'ಹೌದ್ರಿ?' ಎಂದು ಸೆರಗಿಗೆ ಕೈ ಒರೆಸಿಕೊಂಡು ಹೋದಿರಿ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು, 'ಆ ಬದಾಮಿ ಹುಡುಗಿ ಭಾಳ ಚಲೋ ಅದಾಳ ನೋಡ. ನಿನ್ನ ಕಣ್ಣು ಎಲ್ಲಿರತಾವು ಅಂತ ನನಗೇನ್ ಕಾಣಂಗಿಲ್ಲೇನು? ಫಾದರ್ ಕಡಿಂದ ಕೇಳಸ್ಲಿ?'

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಸಿಹಿಯಾದ ಮಾತು ಆಡಿರಲಿಲ್ಲ. ಹೂಂ ಅನ್ನಲು ಬಾಯಿ ತೆರೆದೆ. ಆಗ ಹೊಳೆಯಿತು. ನಮ್ಮಲ್ಲಿ ಮದುವೆ ಗೊತ್ತಾದರೆ ಮೂರು ಭಾನುವಾರ ಪೂಜೆಯಲ್ಲಿ ಹೆಸರು ಓದುತ್ತಾರಲ್ಲ, ಆಕ್ಷೇಪಣೆ ಇದ್ದವರು ತಿಳಿಸಲಿ ಎಂದು. ಓದುವುದು ಓಣಿಯ ಹೆಸರಲ್ಲ, ಜ್ಞಾನಸ್ನಾನದ ಹೆಸರು. ಬಸು ಎಂಬುವನಿಗೆ ಚರ್ಚಿನಲ್ಲಿ ಮದುವೆಯೇ ಇಲ್ಲ. ಇಳಕಲ್ಲಿನ ಫೆಲಿಕ್ಸ್, ಬಾದಾಮಿಯ ರೀಟಾಳನ್ನು — ಎಂದು ಫಾದರ್ ಓದುತ್ತಾರೆ, ನೀವು ಮುಂದಿನ ಸಾಲಿನಲ್ಲಿ ಕುಳಿತಿರುತ್ತೀರಿ. ಯಾವ ಹೆಸರಿನಲ್ಲಿ ನಿಮಗೆ ಮೋಸ ಮಾಡಿದ್ದೆನೋ ಆ ಹೆಸರು ಬಿಟ್ಟು ನಿಮ್ಮ ಕೈ ಹಿಡಿಯಲು ನನಗೆ ಬೇರೆ ಹೆಸರೇ ಇರಲಿಲ್ಲ.

'ಬ್ಯಾಡವ್ವ' ಅಂದೆ.

'ಯಾಕೋ? ಮನಸ್ಸಿಲ್ಲೇನು?'

'ಇಲ್ಲ.'

ಅವ್ವ ನನ್ನ ಮುಖವನ್ನೇ ನೋಡಿದಳು. ಸುಳ್ಳು ಅಂತ ಅವಳಿಗೆ ಗೊತ್ತಾಯಿತು, ಯಾಕೆ ಅಂತ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಆ ವಾರದಿಂದ ನಾನು ಬರೆಯುವುದನ್ನು ನಿಲ್ಲಿಸಿದೆ. ಒಂದು ಮಾತು ಹೇಳಿ ನಿಲ್ಲಿಸಬೇಕಿತ್ತು, ಅದನ್ನೂ ಮಾಡಲಿಲ್ಲ. ನೀವು ಕೆಲವು ಭಾನುವಾರ ಬರೆದಿರಿ — ಆರಾಮ ಇದ್ದೀರಾ ಬ್ರದರ್, ನನ್ನಿಂದ ಏನಾದರೂ ತಪ್ಪಾಯಿತಾ ಬ್ರದರ್. ನಿಮ್ಮಿಂದ ತಪ್ಪು! ಓದಿದೆ, ಎದ್ದು ಬಂದೆ. ಬಿ.ಎ. ಮುಗಿಸಿ ಇಳಕಲ್ಲಿಗೆ ಬಂದು ಅಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಆಫೀಸಿನಲ್ಲಿ ಕುಳಿತೆ. ಆ ಬಳಗವೂ ಮೆಲ್ಲಗೆ ಮಾತು ಕಡಿಮೆಯಾಗಿ ನಿಂತುಹೋಯಿತು. ಪಾಪನಿವೇದನೆಗೆ ಹೋದಾಗಲೆಲ್ಲ 'ಸುಳ್ಳು ಹೇಳಿದ್ದೇನೆ' ಎಂದು ಒಂದೇ ಮಾತಿನಲ್ಲಿ ಮುಗಿಸಿ, ಫಾದರ್ ಹೇಳಿದ ಜಪ ಮಾಡಿ ಮನೆಗೆ ಬರುತ್ತಿದ್ದೆ. ಎಂಥ ಸುಳ್ಳು, ಯಾರಿಗೆ ಎಂದು ಅವರು ಕೇಳಲಿಲ್ಲ. ಕೇಳಬಾರದೆಂದೇ ನಾನು ಬೇಗ ಬೇಗ ಹೇಳುತ್ತಿದ್ದೆ.

ಹೀಗೇ ವರ್ಷಗಳು ಹೋದವು. ಹೋದ ಹಬ್ಬದಲ್ಲಿ ನೀವು ಒಬ್ಬರೇ ಬಂದಿದ್ದಿರಿ. ಅಪ್ಪ ತೀರಿಕೊಂಡರೆಂದು ಗೊತ್ತಾಗಿ ನಾನು ಮಾತಾಡಿಸಲು ಬಂದೆ. ಅದೇ ನಲ್ಲಿಯ ಹತ್ತಿರ ನಿಂತಿದ್ದೆವು. ನಿಮ್ಮ ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ ಕಂಡವು. ನೀವು ನಕ್ಕು ಅಂದಿರಿ —

'ಹಿಂದ ಒಮ್ಮಿ ನಿಮಗ ಫೆಲಿಕ್ಸ್ ಬ್ರದರ್ ಅಂತ ಕೇಳಿದ್ನೆಲ್ರಿ. ಈಗ ಎಲ್ಲ್ಯರ ಫಾದರ್ ಆಗಿರಬೇಕು ಅವ್ರು. ಪತ್ತೇನ ಇಲ್ಲ. ನಾ ಮಾತ್ರ ದಿನಾ ಜಪಸರದಾಗ ಕಡೀ ಮಣಿ ಅವ್ರಿಗಂತ ಇಟ್ಟೇನಿ. ಅವ್ರು ಹೇಳಿದ್ದಕ್ಕನ ನಾ ಮದುವಿ ಬ್ಯಾಡ ಅಂದೆ. ಚಲೋನ ಆತು ಬಿಡ್ರಿ, ಕಡೀತನಕ ಅಪ್ಪನ ಹತ್ರ ಇದ್ದೆ.'

ಒಂದು ಕ್ಷಣ ನನ್ನ ಎದೆ ಹಗುರಾಯಿತು. ಸುಳ್ಳು ಹೇಳುವುದಿಲ್ಲ. ನೋಡು, ಅವರೇ ಚಲೋ ಆಯಿತು ಅನ್ನುತ್ತಿದ್ದಾರೆ, ಇನ್ನೇನು — ಎಂದು ಒಳಗಿನ ಜಾಣ ತಲೆ ಎತ್ತಿದ. ಆದರೆ ಆ ಮಾಸ್ತರರು ಅಪ್ಪನನ್ನೂ ಕರೆದುಕೊಂಡು ಬನ್ನಿ ಅಂದಿದ್ದರಲ್ಲ, ರೀಟಾ. ನೀವು ಮರೆತಿರಬಹುದು, ಅಥವಾ ಮರೆತರೇ ಒಳ್ಳೆಯದೆಂದು ಮರೆತಿರಬಹುದು. ನನಗೆ ನೆನಪಿದೆ. ಅಪ್ಪನನ್ನು ಬಿಡಬೇಕಾಗಿಯೇ ಇರಲಿಲ್ಲ. ನಿಮಗೆ ಗಂಡ, ಮಕ್ಕಳು, ಅಪ್ಪನ ಹಾಸಿಗೆಯ ಪಕ್ಕ ಚಹಾ ಕುಡಿಸುವ ಇನ್ನೊಂದು ಕೈ — ಎಲ್ಲವೂ ಇರುತ್ತಿತ್ತು. ಒಂಟಿಯಾಗಿ ನೀವು ಅಪ್ಪನನ್ನು ಎತ್ತಿ ಕೂರಿಸಿದ ಒಂದೊಂದು ರಾತ್ರಿಯೂ ನನ್ನ ಲೆಕ್ಕಕ್ಕೆ ಸೇರಬೇಕು.

ಅವತ್ತೂ ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದೆ. ಬಂದವನು ಏನು ಮಾಡಿದೆ ಗೊತ್ತೇ? ಇದನ್ನು ಹೇಳಲು ಎಲ್ಲಕ್ಕಿಂತ ನಾಚಿಕೆ. ಸಂಜೆ ದೀಪ ಹಚ್ಚುವ ಹೊತ್ತಿಗೆ, ಈಗ ಬಾದಾಮಿಯಲ್ಲಿ ಜಪಸರ ತೆಗೆದಿರಬೇಕು, ಈಗ ಕೊನೆಯ ಮಣಿಗೆ ಬಂದಿರಬೇಕು ಎಂದು ಕಾದು ಕುಳಿತುಕೊಳ್ಳತೊಡಗಿದೆ. ದಿನಾ. ನಿಮ್ಮ ಬೆರಳಲ್ಲಿರುವ ಆ ಒಂದು ಮಣಿ ನನ್ನದು ಎಂಬ ಆಸೆಯಲ್ಲಿ ಇಡೀ ವರ್ಷ ಬದುಕಿದೆ. ಅದೂ ಕದ್ದದ್ದೇ. ನೀವು ಕೊಟ್ಟದ್ದು ನನಗಲ್ಲವಲ್ಲ.

ಅದನ್ನು ಹಿಂದಕ್ಕೆ ಕೊಡಬೇಕೆಂದು ಇದನ್ನು ಬರೆದಿದ್ದೇನೆ. ಇದನ್ನು ಕಂಪ್ಯೂಟರಿನಲ್ಲಿ ಕಳಿಸುವುದಿಲ್ಲ. ಮರೆಯಲ್ಲಿ ನಿಂತು ಮಾತಾಡಿದ್ದು ಸಾಕು. ಬರುವ ಭಾನುವಾರ ಬಾದಾಮಿಗೆ ಬಂದು ನಿಮ್ಮ ಕೈಯಲ್ಲಿ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರುತ್ತೇನೆ. ಅದಕ್ಕೂ ಮೊದಲು ಶನಿವಾರ ಅವ್ವನಿಗೆ ಹೇಳುತ್ತೇನೆ. ನೀವು ಬೈದರೆ ಕೇಳಿಸಿಕೊಳ್ಳುತ್ತೇನೆ. ಏನೂ ಅನ್ನದೆ ಬಾಗಿಲು ಹಾಕಿದರೆ ಬಸ್‌ಸ್ಟ್ಯಾಂಡಿಗೆ ನಡೆದು ಬರುತ್ತೇನೆ. ಆಸೆ ಏನೂ ಇಲ್ಲ ಎಂದು ಬರೆಯಲು ಹೊರಟಿದ್ದೆ — ಇದೆ. ಆದರೆ ಅದನ್ನು ನಿಮ್ಮ ಮುಂದೆ ಇಡುವ ಹಕ್ಕು ನನಗಿಲ್ಲ, ಇಡುವುದೂ ಇಲ್ಲ.

ಫೆಲಿಕ್ಸ್ ಬ್ರದರಿಗಾಗಿ ಇನ್ನು ಜಪ ಬೇಡ ರೀಟಾ. ಆ ಮಣಿಯನ್ನು ನಿಮ್ಮ ಅಪ್ಪನಿಗೆ ಕೊಡಿ.

ಅವತ್ತು ಆ ಪುಟದಲ್ಲಿ ಬರೆಯಬೇಕಾಗಿದ್ದ ಪರಿಚಯವನ್ನು ಈಗ ಬರೆಯುತ್ತೇನೆ. ಹೆಸರು ಫೆಲಿಕ್ಸ್, ಮನೆಯಲ್ಲಿ ಬಸು. ಊರು ಇಳಕಲ್. ನಮ್ಮಲ್ಲಿ ಚರ್ಚಿಲ್ಲ, ಅವ್ವನ ಮಗ್ಗದ ಪಕ್ಕದಲ್ಲಿ ಪೂಜೆ ನಡೆಯುತ್ತದೆ. ಗುರುಮಠಕ್ಕೆ ಹೋಗಿದ್ದೆ, ಮನೆಯ ನೆನಪಾಗಿ ತಿರುಗಿ ಬಂದೆ. ಕಲ್ಲಿನ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನನ್ನನ್ನು ನಂಬಿದ ಒಬ್ಬರಿಗೆ ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದೇನೆ.

ನಾವು ನಿಮಗಾಗಿ ಏನು ಪ್ರಾರ್ಥಿಸಬೇಕು ಎಂದು ಕೊನೆಯಲ್ಲಿ ಕೇಳಿದ್ದರಲ್ಲ, ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.